ಸಿಗ್ನಲ್ ಫುಲ್ ಇದೆ, ನೆಟ್ ಇಲ್ಲ: ಯಾವ ಪದರದಲ್ಲಿ ಇಲ್ಲ?

ಕೋಲಾರದ ಎಪಿಎಂಸಿ ಯಾರ್ಡಿನ ಒಂದು ಮಂಡಿ ಅಂದುಕೊಳ್ಳಿ. ಬಿಲ್ ಹಾಕೋಕೆ ಒಂದು ಕಂಪ್ಯೂಟರು, ಗೋಡೆ ಮೇಲೆ ಫೈಬರ್ ಡಬ್ಬಿ, ಮೂಲೆಯಲ್ಲಿ ಎಂಟು ಪೋರ್ಟಿನ ಸ್ವಿಚ್ಚು, ನಾಲ್ಕು ಕ್ಯಾಮೆರಾ. ಇಂಥ ಕಡೆಯಿಂದ ಬರುವ ದೂರುಗಳು ಹೆಚ್ಚೂಕಡಿಮೆ ಹೀಗಿರುತ್ತವೆ. "ಅಣ್ಣಾ, ವೈಫೈ ಫುಲ್ ತೋರಿಸ್ತಿದೆ, ಆದ್ರೆ ಏನೂ ಓಪನ್ ಆಗ್ತಿಲ್ಲ." "ಗೂಗಲ್ ಬರುತ್ತೆ, ಬಿಲ್ಲಿಂಗ್ ಸೈಟು ಮಾತ್ರ ಸುತ್ತುತ್ತಾನೇ ಇರುತ್ತೆ." "200ರ ಪ್ಲಾನ್ ಹಾಕಿಸಿದೀನಿ, ಸ್ಪೀಡ್ ಟೆಸ್ಟಲ್ಲಿ 94 ದಾಟಲ್ಲ." ಮೂರಕ್ಕೂ ಕೊನೆಗೆ ಇಡುವ ಹೆಸರು ಒಂದೇ, "ನೆಟ್ ಸರಿಯಿಲ್ಲ". ಡಾಕ್ಟರ ಮುಂದೆ ಕೂತು "ಮೈಗೆ ಹುಷಾರಿಲ್ಲ" ಎಂದಷ್ಟೇ ಹೇಳಿ ಸುಮ್ಮನಾದ ಹಾಗೆ. ಆದರೆ ಈ ಮೂರೂ ಬೇರೆ ಬೇರೆ ಪದರದ ಕಾಯಿಲೆಗಳು. ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಮೂರರಲ್ಲಿ ಒಂದು ಸರಿಹೋಗಬಹುದು, ಅದೂ ಅದೃಷ್ಟವಿದ್ದರೆ.

ಡಿಪ್ಲೊಮಾ, ಬಿಇ ಓದಿದವರಿಗೆ ನೆಟ್‌ವರ್ಕಿನ ಕೆಲಸವನ್ನು ಏಳು ಪದರವಾಗಿ ವಿಂಗಡಿಸುವ ಓಎಸ್‌ಐ ಮಾದರಿ ಬಾಯಿಪಾಠ. ಪರೀಕ್ಷೆಗೆ ಅದು ಬೇಕು. ಅದು ಐಎಸ್‌ಒ ಪ್ರಮಾಣವಾಗಿ ಪ್ರಕಟವಾದದ್ದು 1984ರಲ್ಲಿ. ವಿಂಟ್ ಸರ್ಫ್, ಬಾಬ್ ಕಾನ್ ಇಬ್ಬರೂ ಇಂಟರ್ನೆಟ್ಟಿನ ಮಾತಿನ ನಿಯಮವಾದ ಟಿಸಿಪಿಯ ಮೂಲ ಪ್ರಬಂಧ ಬರೆದದ್ದು ಅದಕ್ಕೂ ಹತ್ತು ವರ್ಷ ಮುಂಚೆ, 1974ರಲ್ಲಿ. ಇಂಟರ್ನೆಟ್ಟಿನ ಪೂರ್ವಜ ಆರ್ಪಾನೆಟ್ ಹಳೆಯ ಪದ್ಧತಿ ಬಿಟ್ಟು ಟಿಸಿಪಿ/ಐಪಿಗೆ ಹೊರಳಿದ್ದು 1983ರ ಜನವರಿ 1ರಂದು. ಅಂದರೆ ಪುಸ್ತಕದ ಏಳು ಪದರ ಅಚ್ಚಾಗುವ ಹೊತ್ತಿಗೆ ಬೇರೊಂದು ಲೆಕ್ಕದ ನೆಟ್‌ವರ್ಕು ಆಗಲೇ ಓಡುತ್ತಿತ್ತು. ಐದನೆಯ ಮತ್ತು ಆರನೆಯ ಪದರವನ್ನು ಸ್ಕ್ರೂಡ್ರೈವರ್ ಹಿಡಿದವರು ಯಾರೂ ಬೇರೆಯಾಗಿ ಕಂಡದ್ದಿಲ್ಲ. ಕೆಲಸಕ್ಕೆ ಐದು ಸಾಕು: ತಂತಿ ಅಥವಾ ಬೆಳಕು, ಅದರ ಮೇಲೆ ಪಕ್ಕದ ಯಂತ್ರಕ್ಕೆ ಮುಟ್ಟಿಸುವ ಲಿಂಕ್, ಅದರ ಮೇಲೆ ದೂರದ ವಿಳಾಸಕ್ಕೆ ದಾರಿ ತೋರುವ ಐಪಿ, ಅದರ ಮೇಲೆ ತಲುಪಿತೇ ಎಂದು ನೋಡಿಕೊಳ್ಳುವ ಟಿಸಿಪಿ ಇಲ್ಲವೇ ನೋಡಿಕೊಳ್ಳದ ಯುಡಿಪಿ, ಎಲ್ಲಕ್ಕೂ ಮೇಲೆ ನೀವು ತೆರೆಯುವ ಸೈಟು, ಆ್ಯಪು.

ಪದರ ಯಾಕೆ ಬೇಕು ಅನ್ನುವುದಕ್ಕೆ ಯಾರ್ಡಿನಲ್ಲೇ ಉತ್ತರವಿದೆ. ಕೋಲ್ಕತ್ತದ ವ್ಯಾಪಾರಿಗೂ ಇಲ್ಲಿಯ ಮಂಡಿಯವರಿಗೂ ನಡೆಯುವ ಮಾತು ಟೊಮೆಟೊ ತಳಿ, ಬಣ್ಣ, ರೇಟಿನದು. ಪ್ಯಾಕಿಂಗ್ ಮಾಡುವವನಿಗೆ ಆ ಮಾತು ಬೇಡ, ಅವನ ಲೆಕ್ಕ 15 ಕೆ.ಜಿ. ಬಾಕ್ಸು ಎಷ್ಟಾಯಿತು, ಎಷ್ಟನೆಯದು ಎಂಬುದು. ಟ್ರಾನ್ಸ್‌ಪೋರ್ಟಿನವನಿಗೆ ಬಾಕ್ಸಿನ ಒಳಗಿರುವುದು ಟೊಮೆಟೊನೋ ಕ್ಯಾಪ್ಸಿಕಮ್ಮೋ ಬೇಕಿಲ್ಲ, ಚೀಟಿಯ ಮೇಲಿನ ಊರು ಬೇಕು. ಡ್ರೈವರಿಗೆ ಕೊನೆಯ ಊರೂ ಬೇಡ, ಮುಂದಿನ ಗೋಡೌನ್ ಯಾವುದು ಅಂತ ಗೊತ್ತಿದ್ದರೆ ಆಯಿತು. ದಾರಿಯಲ್ಲಿ ಲಾರಿ ಬದಲಾದರೂ ಬಾಕ್ಸಿನ ಚೀಟಿ ಬದಲಾಗುವುದಿಲ್ಲ. ನೆಟ್‌ವರ್ಕಿನಲ್ಲೂ ಅಷ್ಟೇ: ಐಪಿ ಪ್ಯಾಕೆಟ್ಟು ಬಾಕ್ಸು, ಈಥರ್ನೆಟ್ ಫ್ರೇಮು ಲಾರಿ. ಪ್ರತಿ ರೂಟರಿನಲ್ಲೂ ಲಾರಿ ಖಾಲಿಯಾಗುತ್ತದೆ, ಬಾಕ್ಸು ಇಳಿದು ಇನ್ನೊಂದು ಲಾರಿ ಹತ್ತುತ್ತದೆ. ಅದಕ್ಕೇ ನಿಮ್ಮ ಕಂಪ್ಯೂಟರಿನ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್ ಕಾರ್ಡಿನ ಸ್ವಂತ ನಂಬರು, ನಿಮ್ಮ ರೂಟರನ್ನು ದಾಟಿ ಹೊರಗೆ ಹೋಗುವುದಿಲ್ಲ.

ಹೋಲಿಕೆ ಮುರಿಯುವುದು ಒಂದು ಕಡೆ. ಹೋದ ಬಾಕ್ಸು ಹೋಯಿತು, ಟೊಮೆಟೊಗೆ ಜೆರಾಕ್ಸ್ ಇಲ್ಲ. ಟಿಸಿಪಿ ಮಾತ್ರ ಕಳಿಸಿದ್ದರ ನಕಲನ್ನು ಅತ್ತಲಿಂದ "ಬಂತು" ಅನ್ನುವ ರಸೀದಿ ಸಿಗುವ ತನಕ ತನ್ನ ಹತ್ತಿರ ಇಟ್ಟುಕೊಂಡಿರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಒಂದು ಈಥರ್ನೆಟ್ ಫ್ರೇಮಿನ ಒಳಗೆ ಹಿಡಿಸುವುದು 1500 ಬೈಟು. ಇದಕ್ಕೆ ಎಂಟಿಯು ಎನ್ನುತ್ತಾರೆ. ಅದರಲ್ಲಿ ಐಪಿ ಹೆಡರಿಗೆ 20, ಟಿಸಿಪಿ ಹೆಡರಿಗೆ 20 ಹೋದರೆ ನಿಮ್ಮ ಮಾಲಿಗೆ ಉಳಿಯುವುದು 1460. ಹೊರಗಡೆ ಫ್ರೇಮಿನ ಸ್ವಂತ ಖರ್ಚು ಬೇರೆ: ಹೋಗಬೇಕಾದ ಮ್ಯಾಕ್ ವಿಳಾಸಕ್ಕೆ 6 ಬೈಟು, ಕಳಿಸಿದವರದಕ್ಕೆ 6, ಒಳಗೆ ಏನಿದೆ ಎಂಬ ಗುರುತಿಗೆ 2, ಬಾಲದಲ್ಲಿ ತಪ್ಪು ಪರೀಕ್ಷಿಸುವ ಮೊತ್ತಕ್ಕೆ 4. ತಂತಿಯ ಮೇಲೆ ಪ್ರತಿ ಫ್ರೇಮಿಗೂ ಮುಂಚೆ 8 ಬೈಟಿನ ಎಚ್ಚರಿಕೆ ಗಂಟೆ, ಎರಡು ಫ್ರೇಮುಗಳ ನಡುವೆ 12 ಬೈಟಿನಷ್ಟು ಮೌನ. ಎಲ್ಲ ಕೂಡಿಸಿದರೆ 1538. 1460 ಬೈಟು ಮಾಲು ಸಾಗಿಸಲು 1538 ಬೈಟಿನ ಹೊತ್ತು ಬೇಕು. 100 ಎಂಬಿಪಿಎಸ್ ತಂತಿಯಲ್ಲಿ ಮೇಲಿನ ಪದರಕ್ಕೆ ದಕ್ಕುವುದು ಹೆಚ್ಚೆಂದರೆ 94.9. ಬಹಳಷ್ಟು ಫೋನುಗಳೂ ಲಿನಕ್ಸ್ ಯಂತ್ರಗಳೂ ಟಿಸಿಪಿ ಹೆಡರಿಗೆ 12 ಬೈಟಿನ ಸಮಯದ ಮುದ್ರೆ ಸೇರಿಸುತ್ತವೆ. ಆಗ ಮಾಲು 1448ಕ್ಕೆ ಇಳಿದು, ಲೆಕ್ಕ 94.1ಕ್ಕೆ ನಿಲ್ಲುತ್ತದೆ.

ಆ 94ರ ರಹಸ್ಯ ಇಷ್ಟೇ. 200ರ ಪ್ಲಾನಿನವರಿಗೆ ಸ್ಪೀಡ್ ಟೆಸ್ಟು ಸದಾ 93, 94ರಲ್ಲಿ ನಿಂತರೆ ಕಂಪನಿಗೆ ಬೈಯುವ ಮುನ್ನ ನಿಮ್ಮ ಕೇಬಲ್ ನೋಡಿ. ಎಲ್ಲೋ ಒಂದು ಕೊಂಡಿ 100ರಲ್ಲಿ ಓಡುತ್ತಿದೆ. ಏರುಪೇರಾಗುತ್ತಾ 60, 130, 85 ಅಂತ ತೋರಿಸಿದರೆ ಕಾರಣ ಬೇರೆ. ಗಡಿ ಹಾಕಿದಂತೆ ಅಷ್ಟಕ್ಕೇ ನಿಂತರೆ ಅದು ತಂತಿಯದೇ. ವಿಂಡೋಸಿನಲ್ಲಿ ಈಥರ್ನೆಟ್ ಅಡಾಪ್ಟರಿನ ಸ್ಟೇಟಸ್ ತೆರೆದರೆ ಲಿಂಕ್ ವೇಗ ಕಾಣುತ್ತದೆ. 1.0 ಜಿಬಿಪಿಎಸ್ ಇರಬೇಕಾದ ಕಡೆ 100 ಎಂಬಿಪಿಎಸ್ ಇದ್ದರೆ ಕಳ್ಳ ಸಿಕ್ಕಿದ ಹಾಗೆ.

ಯಾಕೆ ಇಳಿಯಿತು? ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲಿನಲ್ಲಿ ನಾಲ್ಕು ಜೋಡಿ, ಎಂಟು ಎಳೆ. 100ರ ವೇಗಕ್ಕೆ ಎರಡು ಜೋಡಿ ಸಾಕು, 1, 2, 3, 6ನೇ ಪಿನ್ನು. ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು. ನೀಲಿ ಜೋಡಿಯಲ್ಲೋ ಕಂದು ಜೋಡಿಯಲ್ಲೋ ಒಂದು ಎಳೆ ಜಾಕಿನೊಳಗೆ ಸರಿಯಾಗಿ ಕಚ್ಚಿಲ್ಲದಿದ್ದರೆ ಸಾಕು, ಎಷ್ಟೋ ಕಾರ್ಡುಗಳು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ. ಇನ್ನು ಕೆಲವು ಇನ್ನೂ ಕಾಟ ಕೊಡುತ್ತವೆ. ವೇಗದ ಬಗ್ಗೆ ಎರಡೂ ತುದಿ ಮಾತಾಡಿಕೊಳ್ಳುವುದು ಮೊದಲ ಎರಡು ಜೋಡಿಯ ಮೇಲೆ, ಅಲ್ಲಿ 1000 ಅಂತ ಒಪ್ಪಿಕೊಂಡು, ಆಮೇಲೆ ಉಳಿದ ಜೋಡಿ ಕೈಕೊಟ್ಟು, ಲಿಂಕು ಹೋಗಿ ಬಂದು ಮಾಡುತ್ತಿರುತ್ತದೆ.

ಜಾಕ್ ಕಟ್ಟುವ ಕ್ರಮ ಟಿ568ಬಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನಡುವೆ ಹಸಿರು ಜೋಡಿ ಎರಡು ಕಡೆ ಕವಲೊಡೆದು, ಮಧ್ಯದಲ್ಲಿ ನೀಲಿ ಕೂತಿರುವುದನ್ನು ಗಮನಿಸಿ. ಹೊಸಬರು ಇದನ್ನು ನೆನಪಿಡಲಾರದೆ ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ ಅಂತ ಸಾಲಾಗಿ ಎರಡೂ ತುದಿಯಲ್ಲಿ ಕೂರಿಸಿಬಿಡುತ್ತಾರೆ. ಟೆಸ್ಟರಿಗೆ ಹಾಕಿದರೆ 1ರಿಂದ 8ರವರೆಗೂ ದೀಪ ಸರಿಯಾಗಿ ಓಡುತ್ತದೆ, ಯಾಕೆಂದರೆ ಅಗ್ಗದ ಟೆಸ್ಟರು ನೋಡುವುದು ಎಳೆ ತುದಿಯಿಂದ ತುದಿಗೆ ಸೇರಿದೆಯೇ ಎಂದಷ್ಟೇ. ಆದರೆ 3ನೇ ಪಿನ್ನಿಗೆ ಬಿಳಿ-ಹಸಿರು, 6ನೇ ಪಿನ್ನಿಗೆ ನೀಲಿ ಜೋಡಿಯ ಎಳೆ ಬಂದಿರುತ್ತದೆ. ಒಂದೇ ಸಿಗ್ನಲಿನ ಎರಡು ಎಳೆ ಒಂದಕ್ಕೊಂದು ಸುತ್ತಿಕೊಂಡಿದ್ದರೆ ಮಾತ್ರ ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ತಗುಲಿ ರದ್ದಾಗುತ್ತದೆ. ಇಲ್ಲಿ ಗಂಡ ಒಂದು ಜೋಡಿ, ಹೆಂಡತಿ ಇನ್ನೊಂದು ಜೋಡಿ. ಎರಡು ಮೀಟರ್ ತುಂಡಿನಲ್ಲಿ ಏನೂ ತಿಳಿಯುವುದಿಲ್ಲ. 40 ಮೀಟರ್ ಎಳೆದಾಗ ಫ್ರೇಮುಗಳು ಕೆಡುತ್ತವೆ, ಬಾಲದ 4 ಬೈಟಿನ ಮೊತ್ತ ತಾಳೆಯಾಗದೆ ಸ್ವಿಚ್ಚು ಅವನ್ನು ಎಸೆಯುತ್ತದೆ. ಎಸೆದೆ ಅಂತ ಯಾರಿಗೂ ಹೇಳುವುದಿಲ್ಲ. ಈಥರ್ನೆಟ್ಟಿನ ಸ್ವಭಾವವೇ ಅದು, ಕೆಟ್ಟದ್ದನ್ನು ಬಿಸಾಕುವುದು ಮಾತ್ರ ಅದರ ಕೆಲಸ, ಮತ್ತೆ ತರಿಸುವುದು ಮೇಲಿನವರ ತಲೆನೋವು.

ಉಳಿದ ಎಚ್ಚರಿಕೆಗಳು ಚಿಕ್ಕವು. ಜಾಕಿನ ಹತ್ತಿರ ಜೋಡಿಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬೇಡಿ. ತಾಮ್ರದ ಕೇಬಲ್ ಒಟ್ಟು 100 ಮೀಟರ್ ದಾಟಬಾರದು. ಅಲ್ಯೂಮಿನಿಯಂ ಎಳೆಗೆ ತಾಮ್ರ ಲೇಪಿಸಿ ಮಾರುವ ಅಗ್ಗದ ಸುರುಳಿಯನ್ನು ಕ್ಯಾಮೆರಾಗೆ ಬಳಸಬೇಡಿ, ಅದೇ ತಂತಿಯಲ್ಲಿ ಕರೆಂಟೂ ಹೋಗುವುದರಿಂದ ದೂರದ ಕ್ಯಾಮೆರಾಗೆ ವೋಲ್ಟೇಜು ಸಾಲದೆ ರಾತ್ರಿ ಇನ್‌ಫ್ರಾರೆಡ್ ದೀಪ ಹತ್ತಿದ ಕೂಡಲೇ ರೀಸ್ಟಾರ್ಟ್ ಆಗುತ್ತದೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಲ್ಲಿ ತಾಮ್ರ ಎಳೆದರೆ ಮೊದಲ ಗುಡುಗು ಮಳೆಗೆ ಎರಡೂ ಕಡೆಯ ಪೋರ್ಟು ಸುಟ್ಟರೂ ಆಶ್ಚರ್ಯವಿಲ್ಲ. ಅಲ್ಲಿಗೆ ಫೈಬರ್ರೇ ಸರಿ.

ಫೈಬರ್ ಡಬ್ಬಿಯ ವಿಷಯದಲ್ಲಿ ನೋಡಬೇಕಾದ್ದು ಎರಡು: ದೀಪ ಮತ್ತು ಒಂದು ಸಂಖ್ಯೆ. ಎಲ್‌ಒಎಸ್ ದೀಪ ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ, ನಿಮ್ಮ ರೂಟರಿನಲ್ಲಿ ಏನು ಒತ್ತಿದರೂ ಪ್ರಯೋಜನವಿಲ್ಲ. ಸಂಖ್ಯೆ ಸಿಗುವುದು ಡಬ್ಬಿಯ ಸ್ಟೇಟಸ್ ಪುಟದಲ್ಲಿ, ಆಪ್ಟಿಕಲ್ ಪವರ್ ಅಂತ, ಬೆಳಕಿನ ಬಲ ಅಳೆಯುವ ಡಿಬಿಎಂನಲ್ಲಿ. ಮನೆಗಳಿಗೆ ಬರುವ ಜಿಪಾನ್ ಎಂಬ ಫೈಬರ್ ಸಂಪರ್ಕದಲ್ಲಿ ಸಾಮಾನ್ಯ ಡಬ್ಬಿಗೆ −27 ಕೊನೆಯ ಗೆರೆ. −18, −22 ಆರಾಮ. −26 ಬಂದರೆ ನೆಟ್ ಬರುತ್ತಿದ್ದರೂ ದೂರು ಕೊಡಿ, ಮಳೆಗಾಲಕ್ಕೆ ಕಾಯಬೇಡಿ. 3 ಕಡಿಮೆಯಾದರೆ ಬೆಳಕು ಅರ್ಧವಾಯಿತು ಎಂದು ಲೆಕ್ಕ. ಒಂದನ್ನು ಎಂಟು ಮನೆಗೆ ಹಂಚುವ ಸ್ಪ್ಲಿಟರೇ ಸುಮಾರು 10 ತಿನ್ನುತ್ತದೆ. ಗೋಡೆ ಮೂಲೆಯಲ್ಲಿ ಮೊಳೆ ಹೊಡೆದು ಬಿಗಿಯಾಗಿ ಬಗ್ಗಿಸಿದ ತಂತಿ ಇನ್ನಷ್ಟು ತಿನ್ನುತ್ತದೆ. ಹಸಿರು ಕನೆಕ್ಟರಿನ ಮುಖ 8 ಡಿಗ್ರಿ ಓರೆಯಾಗಿ ಉಜ್ಜಿರುತ್ತದೆ, ನೀಲಿಯದು ನೇರ. ಎರಡನ್ನೂ ಎದುರುಬದುರು ಸೇರಿಸಿದರೆ ನಡುವೆ ಸಂದು ಉಳಿದು ಬೆಳಕು ಪೋಲಾಗುತ್ತದೆ. ತೆರೆದ ತುದಿಯನ್ನು ಕಣ್ಣಿಗೆ ಹಿಡಿದು "ಬೆಳಕು ಬರ್ತಿದೆಯಾ" ಅಂತ ನೋಡುವ ಚಾಳಿ ಬಿಡಿ. 1490 ನ್ಯಾನೋಮೀಟರಿನ ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಕಣ್ಣಿಗೆ ಕೇಡು ಮಾತ್ರ ಮಾಡಬಲ್ಲದು.

ಮೊದಲ ದೂರಿಗೆ ಬರೋಣ, ವೈಫೈ ಫುಲ್ ಆದರೆ ನೆಟ್ ಇಲ್ಲ. ಆ ನಾಲ್ಕು ಗೆರೆ ಹೇಳುವುದು ನಿಮ್ಮ ಫೋನಿಗೂ ರೂಟರಿಗೂ ನಡುವಿನ ಹತ್ತಡಿಯ ಸಂಗತಿ ಮಾತ್ರ. ರೂಟರಿನ ಹಿಂದೆ ಫೈಬರ್ ತುಂಡಾಗಿದ್ದರೂ ಗೆರೆಗಳು ನಾಲ್ಕೇ ಇರುತ್ತವೆ. ಅದು ಸುಳ್ಳಲ್ಲ, ತನ್ನ ಪದರದ ಮಟ್ಟಿಗೆ ನಿಜವನ್ನೇ ಹೇಳುತ್ತಿದೆ.

ಇಲ್ಲಿ ಮೊದಲು ನೋಡಬೇಕಾದ್ದು ಐಪಿ ವಿಳಾಸ. ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಕೊಡಿ. 192.168 ಅಥವಾ 10ರಿಂದ ಶುರುವಾಗುವ ವಿಳಾಸ ಬಂದರೆ ರೂಟರು ವಿಳಾಸ ಕೊಟ್ಟಿದೆ. 169.254 ಅಂತ ಬಂದರೆ ಯಾರೂ ಕೊಟ್ಟಿಲ್ಲ, ಕೂಗಿ ಕೂಗಿ ಸಾಕಾಗಿ ವಿಂಡೋಸೇ ತನಗೆ ತಾನು ಒಂದು ಹೆಸರು ಇಟ್ಟುಕೊಂಡಿದೆ. ಆ ಕೂಗಾಟಕ್ಕೆ ಡಿಎಚ್‌ಸಿಪಿ ಎಂದು ಹೆಸರು. "ಯಾರಾದರೂ ವಿಳಾಸ ಕೊಡಿ" ಅಂತ ಯಂತ್ರ ಎಲ್ಲರಿಗೂ ಕೇಳುವಂತೆ ಕೂಗುತ್ತದೆ, ರೂಟರು "ಇಗೋ ಇದು ಖಾಲಿ ಇದೆ" ಅನ್ನುತ್ತದೆ, ಯಂತ್ರ "ಹಾಗಾದರೆ ಅದೇ ಕೊಡಿ" ಅನ್ನುತ್ತದೆ, ರೂಟರು "ಆಯ್ತು, ಇಷ್ಟು ಹೊತ್ತು ನಿನ್ನದು" ಅಂತ ಮುಗಿಸುತ್ತದೆ. ನಾಲ್ಕು ಮಾತು. ವಿಳಾಸದ ಜೊತೆಗೆ ಹೊರಗೆ ಹೋಗುವ ಬಾಗಿಲಾದ ಗೇಟ್‌ವೇ ಯಾವುದು, ಸೈಟಿನ ಹೆಸರಿಗೆ ಅಂಕಿ ಹುಡುಕಿಕೊಡುವ ಡಿಎನ್‌ಎಸ್ ಯಾವುದು ಎಂಬುದೂ ಬರುತ್ತದೆ.

ಎಡವಟ್ಟು ಆಗುವುದು ಎರಡು ಬಾಯಿ ಉತ್ತರ ಕೊಟ್ಟಾಗ. ಮಹಡಿ ಮೇಲೆ ಸಿಗ್ನಲ್ ಬರಲ್ಲ ಅಂತ ಹಳೆಯ ರೂಟರೊಂದನ್ನು ತಂದು, ಕೆಳಗಿನಿಂದ ಎಳೆದ ಕೇಬಲನ್ನು ಅದರ ಲ್ಯಾನ್ ಪೋರ್ಟಿಗೆ, ಅಂದರೆ ಒಳಗಿನ ಯಂತ್ರಗಳಿಗೆಂದು ಇರುವ ಪೋರ್ಟಿಗೆ, ಚುಚ್ಚುತ್ತಾರೆ. ಅದೂ ಡಿಎಚ್‌ಸಿಪಿ ಕೊಡುತ್ತದೆ, ಅದರ ವಿಳಾಸವೂ 192.168.1.1. ಈಗ ಯಾವ ಫೋನಿಗೆ ಯಾರ ಉತ್ತರ ಮೊದಲು ತಲುಪಿತು ಅನ್ನುವುದರ ಮೇಲೆ ನೆಟ್ಟು. ಮಗನ ಫೋನಿಗೆ ಬರುತ್ತೆ, ಅಪ್ಪನದಕ್ಕೆ ಬರಲ್ಲ. ಸ್ವಲ್ಪ ಹೊತ್ತಿಗೆ ಉಲ್ಟಾ. ಸರಿಪಡಿಸುವುದು ಐದು ನಿಮಿಷದ ಕೆಲಸ. ಹಳೆಯ ರೂಟರಿಗೆ ಒಂದೇ ಕಂಪ್ಯೂಟರ್ ಹಚ್ಚಿ ಒಳಗೆ ಹೋಗಿ, ಅದರ ಲ್ಯಾನ್ ವಿಳಾಸವನ್ನು 192.168.1.2 ಮಾಡಿ, ಡಿಎಚ್‌ಸಿಪಿ ನಿಲ್ಲಿಸಿ, ಸೇವ್ ಮಾಡಿ, ಆಮೇಲೆ ಕೆಳಗಿನ ಕೇಬಲನ್ನು ಲ್ಯಾನ್ ಪೋರ್ಟಿಗೇ ಚುಚ್ಚಿ. ಹೊರಗಿನ ಲೈನಿಗೆಂದು ಇರುವ ವ್ಯಾನ್ ಪೋರ್ಟು ಖಾಲಿ ಇರಲಿ. ಮೊದಲ ರೂಟರು ಹಂಚುವ ಪಟ್ಟಿ 192.168.1.2ರಿಂದಲೇ ಶುರುವಾಗುತ್ತಿದ್ದರೆ ಅದನ್ನು 192.168.1.10ರಿಂದ ಶುರುಮಾಡಿಸಿ, ಇಲ್ಲದಿದ್ದರೆ ಒಂದೇ ವಿಳಾಸಕ್ಕೆ ಇಬ್ಬರು ವಾರಸುದಾರರು.

ಮತ್ತೊಂದು ಅನಾಹುತ ಸ್ವಿಚ್ಚಿನದು. ನೆಲ ಗುಡಿಸುವಾಗ ಕಳಚಿದ ಕೇಬಲ್ ತುದಿಯನ್ನು ಯಾರೋ ಪುಣ್ಯಾತ್ಮರು ಖಾಲಿ ಪೋರ್ಟಿಗೆ ಹಾಕುತ್ತಾರೆ. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿರುತ್ತದೆ. ಎಲ್ಲರಿಗೂ ಕೇಳುವಂತೆ ಕೂಗಿದ ಒಂದು ಫ್ರೇಮು ಒಂದು ಪೋರ್ಟಿಂದ ಹೊರಟು ಇನ್ನೊಂದರಿಂದ ಒಳಬಂದು, ಮತ್ತೆ ಎಲ್ಲ ಪೋರ್ಟಿಗೂ ಹೋಗಿ, ಸುತ್ತುತ್ತಲೇ ಇರುತ್ತದೆ. ಐಪಿ ಪ್ಯಾಕೆಟ್ಟಿನ ಹಣೆಯಲ್ಲಿ ಆಯುಸ್ಸು ಬರೆದಿರುತ್ತದೆ, ಟಿಟಿಎಲ್ ಅಂತ. ವಿಂಡೋಸಿನದು ಸಾಮಾನ್ಯವಾಗಿ 128, ಲಿನಕ್ಸಿನದು 64. ಪ್ರತಿ ರೂಟರು ಒಂದು ಕಳೆಯುತ್ತದೆ, ಸೊನ್ನೆಯಾದರೆ ಪ್ಯಾಕೆಟ್ಟು ಸಾಯುತ್ತದೆ. ಈಥರ್ನೆಟ್ ಫ್ರೇಮಿಗೆ ಆಯುಸ್ಸಿಲ್ಲ, ಅದಕ್ಕೆ ಸಾವೂ ಇಲ್ಲ. ಸೆಕೆಂಡುಗಳಲ್ಲಿ ಇಡೀ ನೆಟ್‌ವರ್ಕು ಕಟ್ಟಿಹೋಗುತ್ತದೆ. ಸ್ವಿಚ್ಚಿನ ಎಲ್ಲ ದೀಪವೂ ಒಟ್ಟಿಗೇ, ಹುಚ್ಚು ಹಿಡಿದಂತೆ ಮಿನುಗುತ್ತಿದ್ದರೆ ಇದೇ. ಕೇಬಲುಗಳನ್ನು ಒಂದೊಂದಾಗಿ ಕಳಚುತ್ತಾ ಬನ್ನಿ, ಯಾವುದನ್ನು ತೆಗೆದಾಗ ದೀಪ ಶಾಂತವಾಯಿತೋ ಅದೇ ಅಪರಾಧಿ. ದೊಡ್ಡ ಸ್ವಿಚ್ಚುಗಳಲ್ಲಿ ಇದನ್ನು ತಡೆಯುವ ಏರ್ಪಾಡು ಇರುತ್ತದೆ, ಮಂಡಿಯ ಅಗ್ಗದ ಡಬ್ಬಿಗಳಲ್ಲಿ ಬಹುಪಾಲು ಇರುವುದಿಲ್ಲ.

ವೈಫೈ ಬಗ್ಗೆ ಒಂದೇ ಮಾತು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲು ಮೂರೇ: 1, 6, 11. ಸಾಲು ಮಳಿಗೆಗಳಲ್ಲಿ ಪಕ್ಕದವರದು ಯಾವುದೆಂದು ಫೋನಿನ ವೈಫೈ ಅನಲೈಸರ್ ಆ್ಯಪಿನಲ್ಲಿ ನೋಡಿ, ಈ ಮೂರರಲ್ಲೇ ಒಂದನ್ನು ಆರಿಸಿ. "ಬೇರೆ ಯಾರೂ ಇಲ್ಲ" ಅಂತ 3 ಅಥವಾ 9 ಹಾಕಿದರೆ ಎರಡೂ ಕಡೆಯವರ ಗಲಾಟೆ ನಿಮ್ಮ ತಲೆಗೇ.

ಇಷ್ಟು ದಾಟಿದ ಮೇಲೆ ಪಿಂಗ್, ಅಂದರೆ ಇನ್ನೊಂದು ಯಂತ್ರವನ್ನು ಕೂಗಿ ಉತ್ತರಕ್ಕೆ ಕಾಯುವ ಕಮಾಂಡು. ಮೊದಲು ಗೇಟ್‌ವೇಗೆ, ಅಂದರೆ ನಿಮ್ಮ ರೂಟರಿಗೆ. ಉತ್ತರ ಬಂದರೆ ಕೆಳಗಿನ ಎರಡು ಪದರ ಕ್ಷೇಮ. ಆಮೇಲೆ ಗೂಗಲಿನ ಸರ್ವರು 8.8.8.8ಕ್ಕೆ. ಅದೂ ಬಂದರೆ ಐಪಿ ಪದರವೂ ಕ್ಷೇಮ, ನಿಮ್ಮ ಕಂಪನಿಯ ಲೈನೂ ಸರಿ. ಆಮೇಲೆ ಯಾವುದಾದರೂ ಸೈಟಿನ ಹೆಸರಿಗೆ. ಅಂಕಿಗೆ ಉತ್ತರ ಬಂದು ಹೆಸರಿಗೆ "ಹುಡುಕಲಾಗಲಿಲ್ಲ" ಅಂದರೆ ರೋಗ ಡಿಎನ್‌ಎಸ್‌ನದು. ಪಾಲ್ ಮಾಕಪೆಟ್ರಿಸ್ 1983ರಲ್ಲಿ ರೂಪಿಸಿದ ಈ ದೂರವಾಣಿ ಪುಸ್ತಕ ಹೆಸರನ್ನು ಅಂಕಿಯಾಗಿಸುತ್ತದೆ. ಪುಸ್ತಕ ಸಿಗದಿದ್ದರೆ ಫೋನು ಸರಿಯಿದ್ದೂ ಯಾರಿಗೂ ಮಾಡಲಾಗದು. ಮೊದಲೇ ತೆರೆದಿದ್ದ ಆ್ಯಪುಗಳು ಅಂಕಿಯನ್ನು ನೆನಪಿಟ್ಟುಕೊಂಡು ಸ್ವಲ್ಪ ಹೊತ್ತು ನಡೆಯುತ್ತಿರುತ್ತವೆ, ಅದಕ್ಕೇ "ಮೆಸೇಜ್ ಬರುತ್ತೆ, ಸೈಟ್ ಬರಲ್ಲ" ಎಂಬ ವಿಚಿತ್ರ. ರೂಟರಿನ ಡಿಎನ್‌ಎಸ್ ಜಾಗದಲ್ಲಿ 1.1.1.1 ಮತ್ತು 8.8.8.8 ಹಾಕಿ ನೋಡಿ. ಒಂದು ಎಚ್ಚರ: ಪಿಂಗಿಗೆ ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ಯಂತ್ರ ಸತ್ತಿದೆ ಎಂದಲ್ಲ. ಎಷ್ಟೋ ಸರ್ವರುಗಳು ಬೇಕೆಂದೇ ಪಿಂಗಿಗೆ ಬಾಯಿ ಬಿಡುವುದಿಲ್ಲ. ದಾರಿಯ ರೂಟರುಗಳನ್ನು ಒಂದೊಂದಾಗಿ ತೋರಿಸುವ ಟ್ರೇಸ್‌ರೂಟಿನ ನಡುವೆ ನಕ್ಷತ್ರ ಕಂಡರೂ ಅದರಾಚೆಯ ಸಾಲುಗಳು ಬಂದಿದ್ದರೆ ದಾರಿ ತೆರೆದೇ ಇದೆ.

ಪಿಂಗಿನ ಮಿಲಿಸೆಕೆಂಡಿಗೂ ಪ್ಲಾನಿನ ವೇಗಕ್ಕೂ ಸಂಬಂಧ ಕಡಿಮೆ ಅನ್ನುವುದನ್ನು ಬಹಳ ಜನ ಒಪ್ಪುವುದಿಲ್ಲ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಕೋಲಾರದಿಂದ ಬೆಂಗಳೂರಿಗೆ 70 ಕಿ.ಮೀ. ಅಂದುಕೊಂಡರೆ ಹೋಗಿ ಬರಲು 0.7 ಮಿಲಿಸೆಕೆಂಡು. ಸರ್ವರು ಅಮೆರಿಕದಲ್ಲಿದ್ದರೆ 200ರ ಮೇಲೆ ಕಂಡರೂ ಸೋಜಿಗವಿಲ್ಲ. ಈಗ ಪದರಗಳನ್ನು ನೆನೆಯಿರಿ. ಟಿಸಿಪಿ ಮೊದಲು ಕೈಕುಲುಕಬೇಕು, ಒಂದು ಸುತ್ತು. ಅದರ ಮೇಲೆ ಬೀಗ ಹಾಕುವ ಟಿಎಲ್‌ಎಸ್ 1.3ಕ್ಕೆ ಇನ್ನೊಂದು ಸುತ್ತು. ಆಮೇಲೆ ಪುಟ ಕೇಳಿ ಮೊದಲ ಅಕ್ಷರ ಬರಲು ಮತ್ತೊಂದು. ಮೂರು ಸುತ್ತಿಗೆ 600 ಮಿಲಿಸೆಕೆಂಡು. ನಿಮ್ಮ ಪ್ಲಾನು 40 ಇರಲಿ 400 ಇರಲಿ, ಆ ಹೊತ್ತು ಕಡಿಮೆಯಾಗದು. ಲಾರಿ ಎಷ್ಟು ದೊಡ್ಡದಾದರೂ ರಸ್ತೆ ಅಷ್ಟೇ ಉದ್ದ. ಕ್ವಿಕ್ ಎಂಬ ಹೊಸ ಪದ್ಧತಿ ಯುಡಿಪಿಯ ಮೇಲೆ ಕೂತು ಮೊದಲ ಎರಡು ಸುತ್ತನ್ನು ಒಂದಕ್ಕೇ ಇಳಿಸಿರುವುದು ಇದಕ್ಕಾಗಿಯೇ.

ಟಿಸಿಪಿಗೆ ಇನ್ನೊಂದು ಗುಣವಿದೆ. ಪ್ಯಾಕೆಟ್ಟು ಕಳೆದರೆ ಅದು "ರಸ್ತೆಯಲ್ಲಿ ಜಾಮ್ ಆಗಿದೆ" ಎಂದೇ ತಿಳಿದು ವೇಗ ಇಳಿಸುತ್ತದೆ. ಜಾಮ್ ಇಲ್ಲದೆ, ಮೇಲೆ ಹೇಳಿದ ಕೆಟ್ಟ ಜಾಕಿನಿಂದ ಕಳೆದಿದ್ದರೂ ಅದೇ ತೀರ್ಮಾನ. ನೂರಕ್ಕೆ ಒಂದೆರಡು ಪ್ಯಾಕೆಟ್ ಹೋದರೂ ದೂರದ ಸರ್ವರಿನಿಂದ ಡೌನ್‌ಲೋಡ್ ತೆವಳುವುದು ಅದಕ್ಕೇ. ಕೆಳಗಿನ ಪದರದ ರೋಗವನ್ನು ಮೇಲಿನ ಪದರ ತನ್ನ ಭಾಷೆಯಲ್ಲಿ ತಪ್ಪಾಗಿ ಓದಿಕೊಳ್ಳುತ್ತದೆ. ಫೋನ್ ಕರೆ, ವಿಡಿಯೊ ಕಾಲ್ ಯುಡಿಪಿಯಲ್ಲಿ ಹೋಗುತ್ತವೆ. ಅಲ್ಲಿ ಹೋದ ತುಣುಕನ್ನು ಮತ್ತೆ ತರಿಸಿಕೊಂಡು ಏನು ಮಾಡುವುದು, ಆ ಮಾತು ಆಗಲೇ ಮುಗಿದಿರುತ್ತದೆ. ದನಿ ಒಡೆಯುತ್ತದೆ, ಕರೆ ನಿಲ್ಲುವುದಿಲ್ಲ.

ಈಗ ಎರಡನೆಯ ದೂರು. ಗೂಗಲ್ ಬರುತ್ತೆ, ಪಿಂಗ್ ಬರುತ್ತೆ, ಒಂದೆರಡು ಸೈಟು ಮಾತ್ರ ಸುತ್ತುತ್ತಲೇ ಇರುತ್ತವೆ. ಪದರಗಳ ನಡುವಿನ ಗೋಡೆ ಸೋರುವುದು ಇಲ್ಲಿ. ಯೂಸರ್‌ನೇಮ್, ಪಾಸ್‌ವರ್ಡ್ ಹಾಕುವ ಪಿಪಿಪಿಒಇ ಸಂಪರ್ಕವಾದರೆ ಅದು ಪ್ರತಿ ಫ್ರೇಮಿನೊಳಗೂ ತನ್ನ ಪಾಲಿಗೆ 8 ಬೈಟು ಇಟ್ಟುಕೊಳ್ಳುತ್ತದೆ. 1500ರಲ್ಲಿ ಉಳಿಯುವುದು 1492. ಸರ್ವರಿಗೆ ಅದು ಗೊತ್ತಿಲ್ಲ, ಅದು 1500ರ ಬಾಕ್ಸನ್ನೇ "ಒಡೆಯಬೇಡಿ" ಎಂಬ ಚೀಟಿ ಅಂಟಿಸಿ ಕಳಿಸುತ್ತದೆ. ನಡುವಿನ ರೂಟರು "ಇದು ಹಿಡಿಸಲ್ಲ, 1492ಕ್ಕೆ ಇಳಿಸಿ" ಅಂತ ಐಸಿಎಂಪಿ ಎಂಬ ಸೂಚನೆಯ ಸಂದೇಶ ವಾಪಸು ಕಳಿಸಬೇಕು, ಕಳಿಸುತ್ತದೆ ಕೂಡ. ಆದರೆ ಎಷ್ಟೋ ಕಡೆ ಭದ್ರತೆಯ ಹೆಸರಿನಲ್ಲಿ ಈ ಐಸಿಎಂಪಿ ಸಂದೇಶವನ್ನೇ ತಡೆದಿರುತ್ತಾರೆ. ಸಂದೇಶ ತಲುಪದೆ ಸರ್ವರು ಅದೇ ಗಾತ್ರದ್ದನ್ನೇ ಮತ್ತೆ ಮತ್ತೆ ಕಳಿಸುತ್ತದೆ. ಪಿಂಗು ಚಿಕ್ಕದು, ಕೈಕುಲುಕುವ ಪ್ಯಾಕೆಟ್ಟು ಚಿಕ್ಕದು, ಅವು ದಾಟುತ್ತವೆ. ಮೊದಲ ದೊಡ್ಡ ಪ್ಯಾಕೆಟ್ಟು ಬರಬೇಕಾದಾಗ ಚಕ್ರ ಸುತ್ತಲು ಶುರು.

ಪತ್ತೆ ಹಚ್ಚುವುದು ಸುಲಭ. ವಿಂಡೋಸಿನ ಪಿಂಗಿಗೆ ಹೈಫನ್ ಎಫ್ ಕೊಟ್ಟರೆ ಒಡೆಯಬೇಡ ಎಂದರ್ಥ, ಹೈಫನ್ ಎಲ್ ಕೊಟ್ಟು ಗಾತ್ರ ಹೇಳಬಹುದು. ನೀವು ಕೊಟ್ಟ ಗಾತ್ರಕ್ಕೆ ಐಪಿಯ 20, ಐಸಿಎಂಪಿಯ 8 ಸೇರುತ್ತದೆ. ಹಾಗಾಗಿ 1472 ಕೊಟ್ಟರೆ ಒಟ್ಟು 1500, 1464 ಕೊಟ್ಟರೆ 1492. 1472 ಹೋಗದೆ 1464 ಹೋದರೆ ನಿಮ್ಮ ದಾರಿ 1492ರದು. 1464ಕ್ಕೂ ಉತ್ತರವಿಲ್ಲದಿದ್ದರೆ ಹತ್ತತ್ತು ಇಳಿಸುತ್ತಾ ಹೋಗಿ, ಉತ್ತರ ಬಂದಲ್ಲಿ ಅದಕ್ಕೆ 28 ಕೂಡಿಸಿ. ಆ ಸಂಖ್ಯೆಯನ್ನು ರೂಟರಿನ ವ್ಯಾನ್ ಪುಟದಲ್ಲಿ ಎಂಟಿಯು ಜಾಗಕ್ಕೆ ಹಾಕಿ. ಎಂಎಸ್‌ಎಸ್ ಕ್ಲ್ಯಾಂಪಿಂಗ್ ಎಂಬ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿ. ಕೈಕುಲುಕುವಾಗಲೇ ರೂಟರು ನಡುವೆ ಬಾಯಿ ಹಾಕಿ "ನಮಗೆ 1452ಕ್ಕಿಂತ ದೊಡ್ಡದು ಬೇಡ" ಎಂದು ತಿದ್ದುತ್ತದೆ. ಐಪಿ ಪದರದ ಯಂತ್ರ ಟಿಸಿಪಿ ಪದರದ ಚೀಟಿ ತೆರೆದು ತಿದ್ದುವುದು ಶಾಸ್ತ್ರದ ಪ್ರಕಾರ ತಪ್ಪು, ಸಂಸಾರ ನಡೆಯುತ್ತಿರುವುದು ಆ ತಪ್ಪಿನಿಂದಲೇ.

ಸೈಟು ತೆರೆಯದಿರಲು ಇನ್ನೂ ಸಣ್ಣ ಕಾರಣವೊಂದಿದೆ. ಕರೆಂಟ್ ಹೋಗಿ ಬಂದ ಮೇಲೆ ಹಳೆಯ ಕಂಪ್ಯೂಟರಿನಲ್ಲಿ ಬ್ಯಾಂಕು, ಬಿಲ್ಲಿಂಗು ಯಾವುದೂ ತೆರೆಯದೆ "ಸಂಪರ್ಕ ಸುರಕ್ಷಿತವಲ್ಲ" ಎಂದು ಬಂದರೆ ಬಲಗಡೆ ಕೆಳಗಿನ ತಾರೀಖು ನೋಡಿ. ಎಷ್ಟೋ ವರ್ಷ ಹಿಂದಿನದಿರುತ್ತದೆ. ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯಿದೆ, ನಿಮ್ಮ ಯಂತ್ರದ ಪ್ರಕಾರ ಅದು ಇನ್ನೂ ಹುಟ್ಟೇ ಇಲ್ಲ. ಮದರ್‌ಬೋರ್ಡಿನ ಸಿಆರ್2032 ಸೆಲ್ಲು 3 ವೋಲ್ಟಿನದು, ಅದು ಸತ್ತಿದೆ. ಬದಲಿಸಿ, ತಾರೀಖು ಸರಿಮಾಡಿ. ಇದಕ್ಕೂ ಲೈನ್‌ಮನ್ನಿಗೂ ಸಂಬಂಧವಿಲ್ಲ.

ಕ್ಯಾಮೆರಾದವರಿಗೆ ಒಂದು ಮಾತು. ಶ್ರೀನಿವಾಸಪುರದ ಕಡೆ ಮಾವಿನ ತೋಪಿಗೆ ಕ್ಯಾಮೆರಾ ಹಾಕಿ, ಹೊರಗಿನಿಂದ ಅದಕ್ಕೆ ದಾರಿ ಬಿಡುವ ಪೋರ್ಟ್ ಫಾರ್ವರ್ಡ್ ಮಾಡಿ, ಊರಿನಿಂದ ನೋಡಲು ಬರುತ್ತಿಲ್ಲ ಎನ್ನುವವರು ಮೊದಲು ರೂಟರಿನ ವ್ಯಾನ್ ವಿಳಾಸ ನೋಡಿ. 100.64ರಿಂದ 100.127ರ ನಡುವಿನದಾದರೆ ಅದು ನಿಮ್ಮೊಬ್ಬರದಲ್ಲ. ಹಳೆಯ ಮಾದರಿಯ ಐಪಿವಿ4 ವಿಳಾಸ ಸಾಲದೆ ಕಂಪನಿ ಹತ್ತಾರು ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂರಿಸಿದೆ. ಹೊರಗಿನಿಂದ ಬಂದವರು ಕಂಪನಿಯ ಬಾಗಿಲು ತಟ್ಟುತ್ತಾರೆ, ನಿಮ್ಮ ಬಾಗಿಲನ್ನಲ್ಲ. ನಿಮ್ಮ ರೂಟರಿನಲ್ಲಿ ಎಷ್ಟು ಪೋರ್ಟು ತೆರೆದರೂ ವ್ಯರ್ಥ. ನಿಮಗೊಬ್ಬರಿಗೇ ಮೀಸಲಾದ ಸ್ಟ್ಯಾಟಿಕ್ ಐಪಿ ಕೊಳ್ಳಿ, ಇಲ್ಲವೇ ಹೊಸ ಮಾದರಿಯ ಐಪಿವಿ6 ಇದ್ದರೆ ಅದರಲ್ಲಿ ನೋಡಿ, ಇಲ್ಲವೇ ಕ್ಯಾಮೆರಾ ತಾನೇ ಒಳಗಿನಿಂದ ಹೊರಗೆ ಸಂಪರ್ಕ ಹಿಡಿಯುವ ಆ್ಯಪು ಬಳಸಿ.

ಕೊನೆಗೆ ಕಂಪನಿಗೆ ಫೋನ್ ಮಾಡಲೇಬೇಕಾದರೆ "ಬೆಳಿಗ್ಗೆಯಿಂದ ನೆಟ್ ಇಲ್ಲ" ಅನ್ನುವ ಬದಲು ಹೀಗೆ ಹೇಳಿ ನೋಡಿ: "ಎಲ್‌ಒಎಸ್ ಆಫ್ ಇದೆ, ಪವರ್ −21, ಗೇಟ್‌ವೇ ಪಿಂಗ್ ಆಗ್ತಿದೆ, 8.8.8.8 ಆಗ್ತಿಲ್ಲ, ವ್ಯಾನ್ ವಿಳಾಸ 0.0.0.0 ತೋರಿಸ್ತಿದೆ." ಆ ಕಡೆಯವರು "ರೂಟರ್ ರೀಸ್ಟಾರ್ಟ್ ಮಾಡಿದ್ರಾ ಸಾರ್" ಅಂತ ಕೇಳುವುದನ್ನು ಬಿಡುವುದಿಲ್ಲ. ಆದರೆ ಲೈನ್‌ಮನ್ನನ್ನು ಸುಮ್ಮನೆ ಕಂಬ ಹತ್ತಿಸದೆ, ನಿಮ್ಮ ಲಾಗಿನ್ ಯಾಕೆ ನಿಂತಿದೆ ಅಂತ ತಮ್ಮ ಕಡೆಯೇ ನೋಡುತ್ತಾರೆ.